ಹುದ್ದೆ ಸಿಗದವ ಯಾರ ಪೈಕಿ?

ಪ್ರಶ್ನೆ: ನಾನು ಬ್ಯಾಡಗಿ ತಾಲೂಕಿನವನು, ವಯಸ್ಸು 29. ಐದು ವರ್ಷದಿಂದ ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಎಫ್‌ಡಿಎ, ಪಿಡಿಒ, ಪಿಎಸ್‌ಐ ಎಲ್ಲ ಬರೆದಾಯಿತು. ಕಳೆದ ಸಲ ಮೂರು ಅಂಕದಲ್ಲಿ ತಪ್ಪಿತು. ಅದೇ ತಿಂಗಳು ತಮ್ಮನಿಗೆ ನೌಕರಿ ಆಯಿತು. ಚರ್ಚಿನಲ್ಲಿ ಅವನ ಹೆಸರಿನ ಕೃತಜ್ಞತಾ ಕಾಣಿಕೆ ಓದಿದರು. ನಾನು ಫೇಲಾದವನು, ಅಂದಿನಿಂದ ಆರಾಧನೆಗೆ ಹೋಗಿಲ್ಲ. ‘ದೇವರ ದೃಷ್ಟಿಯಲ್ಲಿ ನೀನು ಅಮೂಲ್ಯ’ ಅನ್ನುತ್ತಾರೆ. ಅದು ಸೋತವರಿಗೆ ಕೊಡುವ ಸಮಾಧಾನದ ಬಹುಮಾನ ತಾನೆ? ಬೆಲೆ ಪುಕ್ಕಟೆ ಸಿಗುವುದಾದರೆ ಓದುವುದಾದರೂ ಯಾಕೆ? ಯೌವನಸ್ಥರ ಕೂಟದಲ್ಲಿ ಬೇರೆ ಸಾಕ್ಷಿ (ದೇವರು ನಡೆಸಿದ ಸ್ವಂತ ಅನುಭವ) ಹೇಳು ಅಂತಿದ್ದಾರೆ, ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಒಂದೇ ಸಂಗತಿ ಎರಡು ಸಲ ಬಂದಿದೆ. ಒಮ್ಮೆ ‘ಮೂರು ಅಂಕದಲ್ಲಿ ತಪ್ಪಿತು’ ಎಂದು, ಇನ್ನೊಮ್ಮೆ ‘ನಾನು ಫೇಲಾದವನು’ ಎಂದು. ಮೊದಲನೆಯದು ಕ್ರಿಯಾಪದ. ಒಂದು ದಿನ, ಒಂದು ಪರೀಕ್ಷೆಯಲ್ಲಿ ನಡೆಯಿತು, ಮುಗಿಯಿತು. ಎರಡನೆಯದು ನಾಮಪದ, ಅದಕ್ಕೆ ಮುಗಿತಾಯವಿಲ್ಲ. ನಿಮ್ಮ ಜತೆ ರೂಮಿಗೆ ಬರುತ್ತದೆ, ಬಸ್ಸು ಹತ್ತಿ ಊರಿಗೆ ಬರುತ್ತದೆ, ಚರ್ಚಿನ ಬಾಗಿಲಿಗೂ ಬಂದು ನಿಲ್ಲುತ್ತದೆ. ವಿಶ್ವಾಸ ಮಾತಾಡಬೇಕಾದ ಜಾಗ ಅದೇ, ‘ತಪ್ಪಿತು’ ಹೋಗಿ ‘ತಪ್ಪಿದವನು’ ಆಗುವ ಜಾಗ.

ಪರೀಕ್ಷೆಯನ್ನೇ ಬೈಯುವುದು ಇದಕ್ಕೆ ಮದ್ದಲ್ಲ. ನಿಮ್ಮ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಬಣ್ಣ, ಒಣಗು, ಸುಕ್ಕು ನೋಡಿ ದರ ಕಟ್ಟುತ್ತಾರೆ. ಅದು ಮೆಣಸಿನಕಾಯಿಗೆ ಕಟ್ಟಿದ ದರ, ತಕರಾರಿಲ್ಲ. ಚೀಲದ ಮೇಲಿನ ಆ ಚೀಟಿಯನ್ನು ಕಿತ್ತು ತಂದು ಬೆಳೆದವನ ಹಣೆಗೆ ಅಂಟಿಸಿದರೆ ಮಾತ್ರ ಕೆಲಸ ಕೆಡುತ್ತದೆ. ಕಟ್-ಆಫ್ ಕೂಡ ಅಂಥದೇ ಒಂದು ಚೀಟಿ. ಮೂರು ಅಂಕ ಎಲ್ಲಿ ಹೋಯಿತೆಂದು ಹುಡುಕುವುದು ಓದಿನ ಕೆಲಸ, ಅದನ್ನು ಮಾಡಿ. ಹಣೆಯ ಮೇಲಿನ ಚೀಟಿಯ ಮಾತು ಬೇರೆ.

ಸಮಾಧಾನದ ಬಹುಮಾನವೇ ಎಂದು ಕೇಳಿದ್ದೀರಿ. ಫಿಲಿಪ್ಪಿಯವರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿ, 5 ಮತ್ತು 6ನೇ ವಚನಗಳಲ್ಲಿ, ಆ ಪತ್ರ ಬರೆದ ಅಪೊಸ್ತಲ ಪೌಲನ ಬಯೋಡಾಟಾ ಇದೆ. ಎಣಿಸಿದರೆ ಏಳು ಬಾಬತ್ತು. ಎಂಟನೆಯ ದಿನದ ಸುನ್ನತಿ, ಇಸ್ರಾಯೇಲ್ ವಂಶ, ಬೆನ್ಯಾಮೀನ ಕುಲ, ಇಬ್ರಿಯರಿಗೆ ಹುಟ್ಟಿದ ಇಬ್ರಿಯ ಎಂಬ ನಾಲ್ಕು ಹುಟ್ಟಿನಿಂದ ಬಂದವು. ನಿಯಮನಿಷ್ಠ ಯೆಹೂದ್ಯರ ಫರಿಸಾಯ ಪಂಥ, ಕ್ರೈಸ್ತ ಸಭೆಯನ್ನು ಹಿಂಸಿಸುವಷ್ಟು ಆಸಕ್ತಿ, ಧರ್ಮಶಾಸ್ತ್ರದ ಲೆಕ್ಕದಲ್ಲಿ ತಪ್ಪಿಲ್ಲದ ನಡತೆ, ಈ ಮೂರು ಸ್ವಂತ ಗಳಿಕೆ. ಆಮೇಲಿನ ಎರಡು ವಚನಗಳಲ್ಲಿ ಇಷ್ಟನ್ನೂ ನಷ್ಟವೆಂದು ಬರೆದು ಕಸಕ್ಕೆ ತಳ್ಳುತ್ತಾನೆ. ಗಮನಿಸಿ, ಅವನು ತಿಪ್ಪೆಗೆ ಹಾಕಿದ್ದು ತನ್ನ ರ‍್ಯಾಂಕ್ ಲಿಸ್ಟನ್ನು. ಸೋತು ಸುಣ್ಣವಾದವನು ಹುಳಿದ್ರಾಕ್ಷಿ ಎಂದದ್ದಲ್ಲ ಇದು. ಮೆರಿಟ್ ಲಿಸ್ಟಿನ ತುದಿಯಲ್ಲಿದ್ದವನು ಹೇಳಿದ ಮಾತು. ಹಾಗಾಗಿ ಇದು ನಿಮಗೆಷ್ಟು ಬೇಕೋ ನಿಮ್ಮ ತಮ್ಮನಿಗೂ ಅಷ್ಟೇ ಬೇಕು. ನೌಕರಿಯನ್ನೇ ಬೆಲೆ ಮಾಡಿಕೊಂಡವನಿಗೆ ಸಸ್ಪೆನ್ಶನ್, ಬಡ್ತಿ ತಪ್ಪುವುದು, ನಿವೃತ್ತಿ, ಒಂದೊಂದೂ ಒಂದೊಂದು ರಿಸಲ್ಟ್ ದಿನವೇ.

ನಿಮ್ಮ ಸ್ಥಿತಿಗೆ ಇನ್ನೂ ಹತ್ತಿರದ್ದು ಮತ್ತಾಯ 20ರ ದ್ರಾಕ್ಷಿತೋಟದ ಸಾಮ್ಯ. ಯಜಮಾನ ಬೆಳಗಾಗುತ್ತಲೇ ಹೋಗಿ ದಿನಕ್ಕೆ ಒಂದು ದಿನಾರಿ ಎಂದು ಕೂಲಿ ಮಾತಾಡಿ ಆಳು ಕರೆತರುತ್ತಾನೆ. ಆಗಿನ ಕಾಲಕ್ಕೆ ಅದು ಒಂದು ದಿನದ ಕೂಲಿ. ನಮ್ಮ ಲೆಕ್ಕದಲ್ಲಿ ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಮತ್ತೆ ಹೋಗುತ್ತಾನೆ. ಸಂಜೆ ಐದಕ್ಕೆ, ಇನ್ನೊಂದು ತಾಸು ಹೊತ್ತು ಇರುವಾಗ, ಸಂತೆಪೇಟೆಯಲ್ಲಿ ಇನ್ನೂ ನಿಂತವರಿದ್ದಾರೆ. ದಿನವೆಲ್ಲ ಸುಮ್ಮನೆ ಯಾಕೆ ನಿಂತಿರಿ ಎಂದರೆ ಅವರು ಕೊಡುವ ಉತ್ತರ 7ನೇ ವಚನದಲ್ಲಿದೆ: ಯಾರೂ ನಮ್ಮನ್ನು ಕೂಲಿಗೆ ಕರೆಯಲಿಲ್ಲ.

ಬುತ್ತಿ ಗಂಟು ಹಿಡಿದು ಬೆಳಗ್ಗೆ ಆರಕ್ಕೇ ನಾಕಾದಲ್ಲಿ ನಿಂತು, ಟ್ರ್ಯಾಕ್ಟರುಗಳು ಒಂದೊಂದಾಗಿ ಬೇರೆಯವರನ್ನು ಹತ್ತಿಸಿಕೊಂಡು ಹೋಗುವುದನ್ನು ಕಂಡವರಿಗೆ ಈ ಮಾತಿನ ಭಾರ ಗೊತ್ತು. ಅವರು ಸೋಮಾರಿಗಳೆಂದು ಸಾಮ್ಯದಲ್ಲಿ ಎಲ್ಲೂ ಇಲ್ಲ. ಐದರವರೆಗೂ ನಿಂತೇ ಇದ್ದರು ಎಂಬುದೇ ಸಾಕ್ಷಿ. ಕೂಲಿ ಹಂಚುವಾಗ ಕಡೆಯವರಿಂದ ಶುರುವಾಗುತ್ತದೆ, ಅವರಿಗೂ ಪೂರ್ತಿ ದಿನಾರಿ. ಆಗ ಬೆಳಗಿನವರು ಎತ್ತುವ ತಕರಾರಿನ ಮಾತನ್ನು ನಿಧಾನ ಓದಿ. ನಮಗೆ ಕಡಿಮೆ ಕೊಟ್ಟೆ ಎಂದಲ್ಲ, ಇವರನ್ನು ನಮಗೆ ಸಮ ಮಾಡಿದೆ ಎಂದು. ಸಾಧನೆಯಿಂದ ಬೆಲೆ ಕಟ್ಟುವವನಿಗೆ ತನ್ನ ಹಣ ಸಾಲದು, ಪಕ್ಕದವನ ಕೈಯಲ್ಲಿ ಕಡಿಮೆ ಇರಬೇಕು. ತಮ್ಮನ ಹೆಸರು ಓದಿದಾಗ ನಿಮಗೆ ಚುಚ್ಚಿದ್ದೂ ಇದೇ ಮುಳ್ಳು. ತಮ್ಮನ ಮೇಲಿನ ದ್ವೇಷ ಎಂದು ಅದನ್ನು ಓದಿಕೊಳ್ಳಬೇಡಿ.

ಇನ್ನು, ಪುಕ್ಕಟೆ ಸಿಗುವ ಈ ಬೆಲೆ ಎಲ್ಲಿಂದ ಬರುತ್ತದೆ? ನಮ್ಮ ಕಡೆ ಕಟ್ಟೆಯ ಮೇಲೆ ಕೂತ ಹಿರಿಯರು ಗುರುತಿಲ್ಲದ ಹುಡುಗನನ್ನು ಮೊದಲು ಕೇಳುವುದು ‘ನೀ ಯಾರ ಪೈಕಿ?’ ಎಂದು. ‘ಏನ್ ಮಾಡಾಕತ್ತಿ?’ ಆಮೇಲಿನ ಪ್ರಶ್ನೆ. ಸುವಾರ್ತೆಯ ಕ್ರಮವೂ ಇದೇ. ಮಾರ್ಕನ ಮೊದಲ ಅಧ್ಯಾಯದಲ್ಲಿ ಯೇಸು ಯೊರ್ದನ್ ಹೊಳೆಯಲ್ಲಿ ಸ್ನಾನದೀಕ್ಷೆ ಹೊಂದಿ ನೀರಿನಿಂದ ಮೇಲೆ ಬಂದ ಕೂಡಲೇ ‘ನೀನು ಪ್ರಿಯನಾಗಿರುವ ನನ್ನ ಮಗನು, ನಿನ್ನನ್ನು ಮೆಚ್ಚಿದ್ದೇನೆ’ ಎಂಬ ವಾಣಿ ಆಗುತ್ತದೆ. ಅದು 11ನೇ ವಚನ. ಆ ಸುವಾರ್ತೆಯಲ್ಲಿ ಆ ಹೊತ್ತಿಗೆ ಒಂದು ಅದ್ಭುತ ನಡೆದಿಲ್ಲ, ಒಬ್ಬ ಶಿಷ್ಯ ಸೇರಿಲ್ಲ, ಒಂದು ಪ್ರಸಂಗವೂ ಆಗಿಲ್ಲ. ಮೆಚ್ಚುಗೆ ಮೊದಲು ಬಂತು, ಕೆಲಸ ಹಿಂದೆ ಬಂತು. ಅದು ಯೇಸುವಿಗೆ ಹೇಳಿದ್ದು, ನನಗೇನು ಎಂದು ನೀವು ಕೇಳಬಹುದು, ಕೇಳಬೇಕಾದ್ದೇ. ಅದಕ್ಕೆ ಗಲಾತ್ಯ 3:26, 27 ನೋಡಿ. ಸ್ನಾನದೀಕ್ಷೆ ಹೊಂದಿದವರು ಕ್ರಿಸ್ತನನ್ನು ಧರಿಸಿಕೊಂಡಿದ್ದಾರೆ, ದೇವರ ಮಕ್ಕಳಾಗಿದ್ದಾರೆ. ಅವನಿಗೆ ಹೇಳಿದ ಮಾತು ಅವನನ್ನು ತೊಟ್ಟವರ ಮೇಲೂ ಬೀಳುತ್ತದೆ. ಯಾರ ಪೈಕಿ ಎಂಬ ಪ್ರಶ್ನೆಯ ಬೆನ್ನಿಗೆ ನಮ್ಮೂರುಗಳಲ್ಲಿ ಜಾತಿ, ಓಣಿ, ಮನೆತನ ಬರುವುದುಂಟು. ಗಲಾತ್ಯದ ಅದೇ ಅಧ್ಯಾಯದ ಮುಂದಿನ ವಚನ, 28ನೆಯದು, ಯೆಹೂದ್ಯ-ಗ್ರೀಕ, ದಾಸ-ಸ್ವತಂತ್ರ, ಗಂಡು-ಹೆಣ್ಣು ಎಂಬ ಆ ಎಲ್ಲ ಪಟ್ಟಿಗಳಿಗೂ ಗೀಟು ಎಳೆಯುತ್ತದೆ. ಪ್ರೊಟೆಸ್ಟೆಂಟ್ ಸಭೆಗಳು ವಿಶ್ವಾಸ ಕಲಿಸಲು ಬಳಸುವ 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರಾವಳಿಯ ಮೊದಲ ಪ್ರಶ್ನೆಯ ಉತ್ತರವೂ ಇಲ್ಲಿಂದಲೇ ಶುರು: ನಾನು ನನ್ನವನಲ್ಲ, ಯೇಸು ಕ್ರಿಸ್ತನವನು.

ಒಂದು ಮಾತು ನಮ್ಮ ಸಭೆಗಳ ಬಗ್ಗೆಯೂ ಹೇಳಬೇಕು, ತಪ್ಪೆಲ್ಲ ನಿಮ್ಮದೇ ಎಂದುಕೊಳ್ಳದಿರಲಿ ಎಂದು. ಸ್ವಿಟ್ಜರ್‌ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಸುವಾರ್ತೆಯ ಜೊತೆ ಶಾಲೆ ತಂದರು, ಕೈಗೆ ಕಸುಬು ತಂದರು. ಅದರ ಉಪಕಾರ ದೊಡ್ಡದು. ಆದರೆ ಒಳ್ಳೆಯ ಕ್ರೈಸ್ತ ಎಂದರೆ ಓದಿದವ, ನೌಕರಿಯಲ್ಲಿರುವವ, ಇಸ್ತ್ರಿ ಅಂಗಿಯವ ಎಂಬ ಎಣಿಕೆಯೂ ಅದರ ಹಿಂದೆಯೇ ಮನೆ ಹೊಕ್ಕಿತು ಎಂಬುದು ನನ್ನ ಅಭಿಪ್ರಾಯ. ಕೃತಜ್ಞತಾ ಕಾಣಿಕೆಯ ಪಟ್ಟಿಯನ್ನೇ ನೋಡಿ: ಪಾಸಾದವರು, ನೌಕರಿ ಹತ್ತಿದವರು, ಹೊಸ ಗಾಡಿ ಕೊಂಡವರು. ಕೃತಜ್ಞತೆ ತಪ್ಪಲ್ಲ. ಪಟ್ಟಿಯಲ್ಲಿ ಅದಷ್ಟೇ ಇದ್ದರೆ, ಕೃಪೆ ಸಾರುವ ಪೀಠದಿಂದಲೇ ರಿಸಲ್ಟ್ ಶೀಟು ಓದಿದಂತಾಗುತ್ತದೆ. ನಿಮ್ಮ ಸಭಾಪಾಲಕರಿಗೆ ಇದನ್ನು ಹೇಳಿ, ಬೇಜಾರು ಮಾಡಿಕೊಳ್ಳಲಾರರು. ಮತ್ತೊಂದು ಪರೀಕ್ಷೆಗೆ ಕೂರುವವರ ಹೆಸರನ್ನೂ, ಈ ಸಲ ಆಗದವರ ಹೆಸರನ್ನೂ ಅವರವರ ಒಪ್ಪಿಗೆ ಕೇಳಿ ಪ್ರಾರ್ಥನೆಯಲ್ಲಿ ಸೇರಿಸಲು ಹೆಚ್ಚು ಕಷ್ಟವೇನಿಲ್ಲ.

ಈಗ ಮಾಡುವುದೇನು? ‘ನಾನು ಅಮೂಲ್ಯ, ನಾನು ಅಮೂಲ್ಯ’ ಎಂದು ಮನಸ್ಸಿನೊಳಗೇ ಉರು ಹಾಕಿದರೆ ನಿಲ್ಲುವುದಿಲ್ಲ. ಹೇಳುವವರೂ ನೀವೇ, ಕೇಳುವವರೂ ನೀವೇ. ನಿಮ್ಮ ಮಾತನ್ನು ನೀವೇ ನಂಬುತ್ತಿಲ್ಲ ಎಂಬುದೇ ತಾನೆ ಈಗಿನ ತೊಂದರೆ. ರೋಮಾಪುರದವರಿಗೆ 10:17ರಲ್ಲಿ ಪೌಲ ನಂಬಿಕೆ ಕೇಳುವುದರಿಂದ ಬರುತ್ತದೆ ಎನ್ನುತ್ತಾನೆ. ಅಂದರೆ ಹೊರಗಿನ ಮಾತು ಕಿವಿಗೆ ಬೀಳಬೇಕು, ದಿನಾ ಬೀಳಬೇಕು. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಆಯಾ ದಿನಕ್ಕೆಂದು ದೇವರು ಕೊಟ್ಟ ಆಹಾರವಾದ ಮನ್ನಾ ನಾಳೆಗೆ ಎತ್ತಿಟ್ಟವರ ಪಾತ್ರೆಯಲ್ಲಿ ಹುಳ ಬಿದ್ದವು. ಈ ಬೆಲೆಯೂ ಹಾಗೇ, ಕಳೆದ ವರ್ಷದ ಕ್ಯಾಂಪಿನ ಉತ್ಸಾಹ ಈ ವರ್ಷಕ್ಕೆ ಬಾರದು.

ಬೆಳಗ್ಗೆ ಎದ್ದು ಮೊಬೈಲು ಮುಟ್ಟುವ ಮೊದಲು ಹತ್ತು ನಿಮಿಷ ಇಡಿ. ಮೊಬೈಲು ಆಮೇಲೆಯೇ ಯಾಕೆಂದರೆ ಟೆಲಿಗ್ರಾಂ ಗುಂಪಿನಲ್ಲಿ ಕೀ ಆನ್ಸರ್, ಯಾರದೋ ಆರ್ಡರ್ ಕಾಪಿ ಕಣ್ಣಿಗೆ ಬಿದ್ದರೆ ದಿನದ ಮೊದಲ ಮಾತು ಅದೇ ಆಗಿಬಿಡುತ್ತದೆ. ಮಾರ್ಕ 1:9ರಿಂದ 11 ಬಾಯಿಬಿಟ್ಟು ಓದಿ, ರೂಮ್‌ಮೇಟ್ ಮಲಗಿದ್ದರೆ ಮೆಲುದನಿಯಲ್ಲಿ, ಆದರೆ ನಿಮ್ಮ ಕಿವಿಗೆ ಕೇಳುವಷ್ಟು. ಏಳು ದಿನ ಅದೇ ಭಾಗ. ಎರಡನೇ ವಾರ ಮತ್ತಾಯ 20:1ರಿಂದ 16, ಮೂರನೇ ವಾರ ಫಿಲಿಪ್ಪಿ 3:4ರಿಂದ 9, ನಾಲ್ಕನೇ ವಾರ ಲೂಕ 15ರ ಹಿರಿಯ ಮಗನ ಭಾಗ. ದಿನಕ್ಕೊಂದು ಹೊಸ ವಚನ ಹಿಡಿದರೆ ಅದೂ ಸಿಲಬಸ್ ಆಗುತ್ತದೆ, ಎಷ್ಟು ಮುಗಿಯಿತೆಂದು ಎಣಿಸುತ್ತೀರಿ. ಓದಿದ ಮೇಲೆ ಕರ್ತನ ಪ್ರಾರ್ಥನೆ. ಅದರಲ್ಲಿ ‘ತಂದೆಯೇ’ ಮೊದಲು ಬರುತ್ತದೆ, ರೊಟ್ಟಿಯ ಬೇಡಿಕೆ ನಾಲ್ಕನೆಯದು. ಪರೀಕ್ಷೆಯ ವಿಷಯ ಎತ್ತಬೇಕಾದ್ದೂ ಅಲ್ಲೇ, ರೊಟ್ಟಿಯ ಜೊತೆ.

ರಾತ್ರಿ ಐದು ನಿಮಿಷ. 1 ಕೊರಿಂಥ 4:7ರಲ್ಲಿ ‘ನೀನು ಹೊಂದದೆ ಇರುವಂಥದು ನಿನ್ನಲ್ಲಿ ಏನಿದೆ?’ ಎಂಬ ಅರ್ಥದ ಪ್ರಶ್ನೆ ಇದೆ. ಆ ದಿನ ದುಡಿಯದೆ ಸಿಕ್ಕ ಮೂರನ್ನು ಒಂದು ವಹಿಯಲ್ಲಿ ಬರೆಯಿರಿ. ‘ಖಾನಾವಳಿಯ ಅಕ್ಕ ಇನ್ನೊಂದು ರೊಟ್ಟಿ ಹಾಕಿದಳು’ ನಡೆಯುತ್ತದೆ. ‘ಇವತ್ತು ಎಂಟು ತಾಸು ಓದಿದೆ’ ನಡೆಯುವುದಿಲ್ಲ. ಅದನ್ನು ಓದಿನ ಡೈರಿಗೆ ಬರೆಯಿರಿ, ಇಲ್ಲಿಗೆ ತರಬೇಡಿ. ಹೊತ್ತು ಹಾಳು ಮಾಡಿದ್ದರೆ, ತಂದೆಗೆ ಫೋನಿನಲ್ಲಿ ಸಿಡುಕಿದ್ದರೆ, ಹೆಸರು ಹಿಡಿದು ಅರಿಕೆ ಮಾಡಿ, 1 ಯೋಹಾನ 1:9 ಓದಿ, ದೀಪ ಆರಿಸಿ. ಆಮೇಲೆ ಹಾಸಿಗೆಯಲ್ಲಿ ಹೊರಳುತ್ತ ಅದೇ ತಪ್ಪಿಗೆ ಮತ್ತೆ ವಿಚಾರಣೆ ನಡೆಸುವುದು ಪಶ್ಚಾತ್ತಾಪವಲ್ಲ. ಕ್ಷಮಿಸಿಯಾದ ಮೇಲೆ ಕೇಸು ಮುಗಿಯಿತು.

ಭಾನುವಾರ ಪುಸ್ತಕ ಮುಟ್ಟಬೇಡಿ. ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ದಾಸರಾಗಿದ್ದುದನ್ನು ನೆನಪಿಸಿಕೊಳ್ಳಿ ಎಂಬುದು ಧರ್ಮೋಪದೇಶಕಾಂಡ 5:15ರಲ್ಲಿ ಸಬ್ಬತ್ತಿಗೆ, ವಾರದ ವಿಶ್ರಾಂತಿ ದಿನಕ್ಕೆ, ಕೊಟ್ಟ ಕಾರಣ. ಅಲ್ಲಿ ಮನುಷ್ಯನಿಗೆ ಬೆಲೆ ಕಟ್ಟುತ್ತಿದ್ದುದು ಇಟ್ಟಿಗೆಯ ಲೆಕ್ಕದಿಂದ. ಹುಲ್ಲು ಕೊಡುವುದನ್ನು ನಿಲ್ಲಿಸಿಯೂ ಫರೋಹ ಲೆಕ್ಕವನ್ನು ಒಂದು ಇಟ್ಟಿಗೆಯಷ್ಟೂ ಇಳಿಸಲಿಲ್ಲ. ವಾರಕ್ಕೊಂದು ದಿನ ಇಟ್ಟಿಗೆ ಹೊಯ್ಯದೆಯೂ ಬದುಕಿದ್ದೇನೆ ಎಂದು ಮೈಗೆ ತಿಳಿಸುವುದೇ ಸಬ್ಬತ್ತು. ಮೊದಲ ಎರಡು ಮೂರು ವಾರ ಚಡಪಡಿಕೆ ಆಗುತ್ತದೆ, ಉಳಿದವರೆಲ್ಲ ಓದಿ ಮುಂದೆ ಹೋದರು ಎನಿಸುತ್ತದೆ. ಶನಿವಾರ ರಾತ್ರಿ ಪುಸ್ತಕ ಮುಚ್ಚುವ ಮುಂಚೆ ಸೋಮವಾರ ಎಲ್ಲಿಂದ ಶುರು ಎಂದು ಒಂದು ಚೀಟಿ ಬರೆದು ಒಳಗಿಟ್ಟರೆ ಅರ್ಧ ಚಡಪಡಿಕೆ ಇಳಿಯುತ್ತದೆ.

ಆರಾಧನೆಗೆ ಮರಳಿ ಹೋಗಿ. ಮೊದಲ ಸಲ ಹಿಂದಿನ ಸಾಲಿನಲ್ಲಿ ಕೂತು ಆಶೀರ್ವಾದ ಮುಗಿದ ಕೂಡಲೇ ಎದ್ದು ಬಂದರೂ ಅಡ್ಡಿಯಿಲ್ಲ. ‘ಏನಾತಪಾ ರಿಸಲ್ಟು?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಉತ್ತರ ತಯಾರಿರಲಿ: ‘ಈ ಸಲ ಆಗಲಿಲ್ರಿ. ಮತ್ತ ಓದಾಕತ್ತೇನಿ. ಪ್ರಾರ್ಥನೆ ಮಾಡ್ರಿ.’ ಅಲ್ಲಿಗೆ ಮುಗಿಯಿತು, ಮೂರು ಅಂಕದ ಕತೆ ಬೇಡ. ಕರ್ತನ ಭೋಜನವಿರುವ ವಾರ ತಪ್ಪಿಸಬೇಡಿ. ಪೀಠದ ಮುಂದೆ ಸಾಲಾಗಿ ಮೊಣಕಾಲೂರಿ ಕೈ ಚಾಚಿದಾಗ ಹೆಡ್‌ಮಾಸ್ತರಿಗೆ ಸಿಗುವ ರೊಟ್ಟಿಯ ತುಣುಕೂ ನಿಮಗೆ ಸಿಗುವುದೂ ಒಂದೇ. ಖಾಲಿ ಕೈ ಬೇಕಾದ ಒಂದೇ ಜಾಗ ಅದು.

ಎಲ್ಲಿ ಕೆಡುತ್ತದೆ ಎಂಬುದೂ ಗೊತ್ತಿರಲಿ. ಎಲ್ಲಕ್ಕಿಂತ ಹೆಚ್ಚು ಕಾಣುವುದು ಗಜಕಡ್ಡಿ ಅದೇ ಇಟ್ಟು ಬಟ್ಟೆ ಮಾತ್ರ ಬದಲಿಸುವುದು. ಪರೀಕ್ಷೆಯಲ್ಲಿ ಆಗಲಿಲ್ಲ, ಪ್ರಾರ್ಥನೆಯಲ್ಲಿ ಮುಂದೆ ಹೋಗುತ್ತೇನೆ ಎಂದು ಉಪವಾಸದ ದಿನ, ಓದಿದ ಅಧ್ಯಾಯ, ಮೊಣಕಾಲಿನ ಮೇಲಿದ್ದ ತಾಸು ಎಣಿಸಲು ಶುರು ಮಾಡುತ್ತಾರೆ. ಲೂಕ 18ರ ಫರಿಸಾಯನೂ ಹೀಗೇ ಎಣಿಸಿದ: ವಾರಕ್ಕೆ ಎರಡು ಉಪವಾಸ, ಸಂಪಾದನೆಯಲ್ಲಿ ಹತ್ತರಲ್ಲೊಂದು. ಲೆಕ್ಕ ಸರಿಯಾಗಿತ್ತು, ಆದರೂ ನೀತಿವಂತನೆನಿಸಿಕೊಂಡು ಮನೆಗೆ ಹೋದವನು ಪಕ್ಕದಲ್ಲಿ ಎದೆ ಬಡಿದುಕೊಂಡ ಸುಂಕದವನು. ಮೇಲೆ ಹೇಳಿದ ಬೆಳಗಿನ ಹತ್ತು ನಿಮಿಷ ಒಂದು ದಿನ ತಪ್ಪಿದರೆ ‘ಅದೂ ನನ್ನಿಂದ ಆಗಲಿಲ್ಲ’ ಎನಿಸುತ್ತದಲ್ಲ, ಗಜಕಡ್ಡಿ ವಾಪಸು ಬಂತೆಂದು ತಿಳಿಯಿರಿ. ಮರುದಿನ ಸುಮ್ಮನೆ ಮತ್ತೆ ಓದಿ, ಬಾಕಿ ತೀರಿಸಲು ಇಪ್ಪತ್ತು ನಿಮಿಷ ಮಾಡಬೇಡಿ.

ಗೋಡೆಗೆ ಅಂಟಿಸಿದ ವಚನಗಳೂ ಕೈಕೊಡುತ್ತವೆ. ಯೆರೆಮೀಯ 29:11 ಎಷ್ಟು ರೂಮುಗಳ ಗೋಡೆ ಮೇಲಿಲ್ಲ! ಗತಿಗೆ ನಿರೀಕ್ಷೆ ಕೊಡುವ ಆ ಮಾತು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರದಲ್ಲಿದೆ, ಅದರ ಹಿಂದಿನ ವಚನದಲ್ಲೇ 70 ವರ್ಷದ ಅವಧಿ ಇದೆ. ಕೇಳಿದವರಲ್ಲಿ ಬಹಳ ಮಂದಿ ಮರಳುವುದನ್ನು ಕಾಣುವ ವಯಸ್ಸಿನವರಲ್ಲ. ಮುಂದಿನ ನೋಟಿಫಿಕೇಶನ್ನಿಗೆ ಸಹಿ ಹಾಕಿದ ಗ್ಯಾರಂಟಿ ಅದಲ್ಲ. ಫಿಲಿಪ್ಪಿ 4:13 ಕೂಡ ಹಾಗೇ. ಎಲ್ಲಕ್ಕೂ ಶಕ್ತನಾಗಿದ್ದೇನೆ ಎನ್ನುವ ಮೊದಲು 12ರಲ್ಲಿ ಹಸಿದಿರಲೂ ಕಲಿತಿದ್ದೇನೆ ಎಂದಿದೆ. ಪಾಸಾದರೆ ಮೊದಲ ಪಗಾರ ದೇವರಿಗೆ ಎಂದು ಹರಕೆ ಹೊತ್ತಿದ್ದರೆ, ಕೊಡುವ ಮನಸ್ಸು ಒಳ್ಳೆಯದೇ, ‘ಪಾಸಾದರೆ’ ಎಂಬ ಷರತ್ತನ್ನು ಬಿಡಿ.

ಇನ್ನೊಂದು, ಇದು ವಿಶ್ವಾಸದ ಕೊರತೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯ ಕರ್ಮೆಲ್ ಬೆಟ್ಟದ ದೊಡ್ಡ ಗೆಲುವಿನ ಬೆನ್ನಲ್ಲೇ ಜಾಲಿಗಿಡದ ಕೆಳಗೆ ಕೂತು ಸಾಕು, ಪ್ರಾಣ ತೆಗೆ ಎನ್ನುತ್ತಾನೆ. ದೇವದೂತ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು, ನಿದ್ದೆ, ಮತ್ತೆ ರೊಟ್ಟಿ. ಮಾತು ಶುರುವಾದದ್ದು 40 ದಿನದ ಮೇಲೆ ಹೋರೇಬಿನಲ್ಲಿ. ಎರಡು ವಾರಕ್ಕೂ ಮಿಕ್ಕಿ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎಂದಾದರೆ ಧಾರವಾಡದಲ್ಲೇ ಇರುವ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆಯ ಒಪಿಡಿಗೆ ಹೋಗಿ. ಸಾಯಬೇಕೆನಿಸಿದರೆ ಎರಡು ವಾರ ಕಾಯಬೇಡಿ, ಅಂದೇ 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಫೋನು ಮಾಡಿ. ದುಡ್ಡಿಲ್ಲ, ದಿನದ 24 ತಾಸೂ ಇರುತ್ತದೆ. ಆ ರಾತ್ರಿ ರೂಮಿನಲ್ಲಿ ಒಬ್ಬರೇ ಮಲಗಬೇಡಿ.

ಓದುವುದಾದರೂ ಯಾಕೆ ಎಂಬುದಕ್ಕೆ ಉತ್ತರ ಚಿಕ್ಕದು. ಎಫೆಸ 2:8, 9ರಲ್ಲಿ ರಕ್ಷಣೆ ಕೃಪೆಯಿಂದ, ಕ್ರಿಯೆಗಳಿಂದಲ್ಲ ಎಂದಿದೆ. 10ರಲ್ಲಿ ಸತ್ಕ್ರಿಯೆಗಳಿಗಾಗಿಯೇ ಸೃಷ್ಟಿಸಲಾಗಿದೆ ಎಂದಿದೆ. ಪಿಡಿಒ ಆದರೆ ಒಂದು ಪಂಚಾಯತಿಯ ನೀರು, ಲೈಟು, ಕೂಲಿ ಹಾಜರಿ ನಿಮ್ಮ ಕೈಗೆ ಬರುತ್ತದೆ, ಆ ಜನರಿಗಾಗಿ ಓದಿ. ಐದಕ್ಕೆ ಕರೆಸಿಕೊಂಡವರೂ ತೋಟಕ್ಕೆ ಹೋಗಿ ಒಂದು ತಾಸು ದುಡಿದರು.

ಬೆಲೆ ಪರೀಕ್ಷೆಯ ಕೈಯಲ್ಲಿಲ್ಲ ಎಂದಾದ ಮೇಲೆ ಲೆಕ್ಕವನ್ನೂ ಅಂಜದೆ ಮಾಡಬಹುದು. ಇಲ್ಲಿಯವರೆಗೆ ಬಿಟ್ಟುಬಿಡುವುದೆಂದರೆ ಸತ್ತಂತೆ ಎನಿಸಿದ್ದರಿಂದ ನೀವು ಕೂತು ಎಣಿಸಿರಲಾರಿರಿ. ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆಯಿರಿ: ನೀವು ಬರೆಯುವ ಪ್ರತಿ ಹುದ್ದೆಗೆ ನಿಮ್ಮ ವರ್ಗದ ವಯೋಮಿತಿಗೆ ಉಳಿದ ವರ್ಷ, ತಿಂಗಳ ರೂಮು-ಖಾನಾವಳಿ-ಲೈಬ್ರರಿ ಖರ್ಚು, ಅದು ಯಾರ ಜೇಬಿನಿಂದ ಬರುತ್ತಿದೆ, ಕಳೆದ ಮೂರು ಪರೀಕ್ಷೆಗಳಲ್ಲಿ ಅಂಕ ಏರಿದೆಯೋ ನಿಂತಿದೆಯೋ. ಏರುತ್ತಿದ್ದರೆ ಇನ್ನೆಷ್ಟು ಅಟೆಂಪ್ಟ್ ಎಂದು ತಾರೀಖು ಹಾಕಿ. ನಿಂತಿದ್ದರೆ ಅರ್ಧ ದಿನದ ಕೆಲಸ ಹಿಡಿದು ಓದಿ, ಇಲ್ಲವೆ ದಾರಿ ಬದಲಿಸಿ. ಆ ಹಾಳೆ ತೆಗೆದುಕೊಂಡು ಊರಿಗೆ ಹೋಗಿ, ತಂದೆಯ ಮುಂದೆ ಇಡಿ, ಫೋನಿನಲ್ಲಿ ಬೇಡ. ಅವರಿಗೆ ಬೇಜಾರಾಗಬಹುದು, ಸಾಲ ಇದ್ದರೆ ಸಾಲದ ಮಾತು ಬರುತ್ತದೆ. ಅವರ ಬೇಜಾರು ಅವರದು, ನಿಮ್ಮ ಮೇಲಿನ ತೀರ್ಪಲ್ಲ.

ಸಾಕ್ಷಿಯ ವಿಷಯ. ಒಲ್ಲೆ ಎನ್ನಲು ಹಕ್ಕಿದೆ. ನಿಂತು ಮಾತಾಡಲೇಬೇಕೆಂದರೆ, ಸೋತೆ, ಪ್ರಾರ್ಥಿಸಿದೆ, ಗೆದ್ದೆ ಎಂಬ ಮೂರು ಅಂಕದ ನಾಟಕ ನಿಮ್ಮಿಂದ ಆಗದು, ಮೂರನೇ ಅಂಕ ಇನ್ನೂ ಬಂದಿಲ್ಲ. 131ನೇ ಕೀರ್ತನೆ ತೆಗೆಯಿರಿ. ಇರುವುದು ಮೂರೇ ವಚನ. ಹಾಲು ಬಿಟ್ಟ ಕೂಸು ತಾಯಿಯ ಮಡಿಲಲ್ಲಿ ಸುಮ್ಮನಿರುವ ಮಾತು ಎರಡನೆಯದರಲ್ಲಿ ಬರುತ್ತದೆ. ಹಾಲು ಬೇಕೆಂದು ಅಳುತ್ತಿಲ್ಲ, ಮಡಿಲು ಸಾಕಾಗಿದೆ. ಓದಲು ಒಂದು ನಿಮಿಷವೂ ಹಿಡಿಯುವುದಿಲ್ಲ. ಓದಿ ಕೂತುಬಿಡಿ.